ಸಯಾಮ್ ದೇಶವನ್ನು ತೆರೆಯ ಮೇಲೆ ಕಾಣುವ ಬಗೆ

ಬ್ಯಾಂಕಾಕ್ ಎಂಬ ಹೆಸರನ್ನು ನಾಲ್ಕು ಜನರ ನಡುವೆ ಎತ್ತಿದೊಡನೆ ಕೆಲವರ ಮುಖದಲ್ಲಿ ಒಂದು ಬಗೆಯ ನಗೆ ಸುಳಿಯುವುದನ್ನು ಓದುಗರು ಕಂಡಿರಬಹುದು. ಮನೆಯ ಮಗನೋ ಅಳಿಯನೋ ಗೆಳೆಯರೊಡನೆ ಥೈಲೆಂಡಿಗೆ ಹೊರಟರೆ, ಆ ಮಾತನ್ನು ನೆಂಟರಿಷ್ಟರ ಮುಂದೆ ಆಡಲು ಹಿರಿಯರು ಹಿಂಜರಿಯುತ್ತಾರೆ. ಆ ನಗೆಗೆ ಕಾರಣವಾದ ಬೀದಿಗಳು ಅಲ್ಲಿ ಇಲ್ಲವೆಂದಲ್ಲ. ಆದರೆ ಆ ಬೀದಿಗಳೇ ಆ ದೇಶವಲ್ಲ. ಆರೂವರೆ ಕೋಟಿ ಜನ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ನಸುಕಿನಲ್ಲಿ ಎದ್ದು ಬಾಗಿಲಿಗೆ ಬಂದ ಭಿಕ್ಷುವಿನ ಪಾತ್ರೆಗೆ ಬಿಸಿ ಅನ್ನವಿಕ್ಕಿ, ಅನಂತರ ತಮ್ಮ ತಮ್ಮ ಕೆಲಸಕ್ಕೆ ಹೊರಡುವ ನಾಡು ಅದು. ಅಂಥ ನಾಡು ನಮ್ಮ ಬಾಯಲ್ಲಿ ಒಂದು ನಗೆಗೆ ಇಳಿದುಹೋದದ್ದು ಹೇಗೆ?

ಇದಕ್ಕೆ ಉತ್ತರ ಕಠಿಣವಲ್ಲ. ನಾವು ಆ ದೇಶವನ್ನು ಕಂಡದ್ದು ಬಹುಮಟ್ಟಿಗೆ ಹೊರಗಿನವರು ತೆಗೆದ ಚಲನಚಿತ್ರಗಳಲ್ಲಿ, ಇಲ್ಲವೇ ನಾಲ್ಕು ದಿನ ಕಡಲತೀರದಲ್ಲಿ ಕಳೆದು ಮರಳಿದವರ ಮಾತಿನಲ್ಲಿ. ಒಂದು ಮನೆಯ ನಡತೆಯನ್ನು ಅರಿಯಬೇಕಾದರೆ ಆ ಮನೆಯವರ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೇ ಹೊರತು ಬೀದಿಯಲ್ಲಿ ಹೋಗುವವನ ಮಾತನ್ನು ನಂಬಬಾರದು. ಥಾಯಿ ಜನರು ತಮ್ಮ ಬಾಳನ್ನು ತಾವೇ ಚಿತ್ರಿಸಿಕೊಂಡ ಉತ್ತಮ ಚಿತ್ರಗಳು ಹಲವಿವೆ. ಪ್ರವಾಸಕ್ಕೆ ಹೊರಟವರೂ ಮನೆಯಲ್ಲೇ ಇರುವವರೂ ಅವನ್ನು ನೋಡಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿದೆ. ಮೊದಲು ಹೊರಗಿನವರ ಕಣ್ಣು, ಬಳಿಕ ಮನೆಯವರ ಕಣ್ಣು. ಹೀಗೆ ಎರಡನ್ನೂ ಹೋಲಿಸಿ ನೋಡೋಣ.

ಅರಮನೆಯ ಅರಸ ಮತ್ತು ಜಮಖಂಡಿಯ ಗ್ರಹಣ

ಸಯಾಮ್ ಎಂಬುದು ೧೯೩೯ಕ್ಕೆ ಮೊದಲು ಥೈಲೆಂಡಿಗಿದ್ದ ಹೆಸರು. ಆ ಹೆಸರನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದ ಚಿತ್ರ ೧೯೫೬ರ ‘ದಿ ಕಿಂಗ್ ಅಂಡ್ ಐ’. ಅರಮನೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದ ಅನ್ನಾ ಲಿಯೊನೊವೆನ್ಸ್ ಎಂಬ ವಿಧವೆ, ಒರಟನಾದ ಅರಸನಿಗೆ ನಾಗರಿಕತೆಯನ್ನು ಕಲಿಸಿದಳೆಂಬುದು ಅದರ ಕಥೆ. ಅರಸನ ಪಾತ್ರ ವಹಿಸಿದ ಯೂಲ್ ಬ್ರಿನ್ನರ್‌ಗೆ ಆಸ್ಕರ್ ಪ್ರಶಸ್ತಿ ದೊರೆಯಿತು; ಆದರೆ ಥೈಲೆಂಡಿನಲ್ಲಿ ಆ ಚಿತ್ರದ ಪ್ರದರ್ಶನವನ್ನೇ ನಿಷೇಧಿಸಲಾಯಿತು. ಇದೇ ಕಥೆಯನ್ನು ೧೯೯೯ರಲ್ಲಿ ‘ಅನ್ನಾ ಅಂಡ್ ದಿ ಕಿಂಗ್’ ಎಂಬ ಹೆಸರಿನಿಂದ ಮತ್ತೆ ತೆಗೆದಾಗ ಅಲ್ಲಿನ ಸರಕಾರ ಚಿತ್ರೀಕರಣಕ್ಕೆ ಅನುಮತಿ ಕೊಡಲಿಲ್ಲ. ಚಿತ್ರವನ್ನು ಮಲೇಷ್ಯಾದಲ್ಲಿ ತೆಗೆಯಬೇಕಾಯಿತು.

ಥಾಯಿ ಜನರು ಇಷ್ಟು ನೊಂದುಕೊಂಡದ್ದೇಕೆ? ಆ ಅರಸ ನಿಜವಾಗಿ ಯಾರೆಂದು ತಿಳಿದರೆ ಕಾರಣ ಹೊಳೆಯುತ್ತದೆ. ಆತ ನಾಲ್ಕನೆಯ ರಾಮನೆಂದು ಹೆಸರಾದ ಮೋಂಗ್‌ಕುಟ್. ಸಿಂಹಾಸನವೇರುವ ಮೊದಲು ೨೭ ವರ್ಷ ಕಾಲ ಕಾಷಾಯವಸ್ತ್ರ ಧರಿಸಿ, ಭಿಕ್ಷೆ ಬೇಡಿ ಉಂಡ ವಿರಕ್ತ. ಪಾಲಿಯ ಜೊತೆಗೆ ಲ್ಯಾಟಿನ್, ಇಂಗ್ಲಿಷ್ ಭಾಷೆಗಳನ್ನೂ ಖಗೋಳಶಾಸ್ತ್ರವನ್ನೂ ಕಲಿತು, ಭಿಕ್ಷುಗಳ ನಡತೆಯಲ್ಲಿ ಸುಧಾರಣೆ ತಂದ ಪಂಡಿತ. ಅನ್ನಾಳಾದರೋ ೧೮೬೨ರಲ್ಲಿ ಬಂದು ೧೮೬೭ರವರೆಗೆ ಅಲ್ಲಿದ್ದವಳು. ತಾನು ವೇಲ್ಸ್ ದೇಶದಲ್ಲಿ ಹುಟ್ಟಿದೆನೆಂದು ಹೇಳಿಕೊಳ್ಳುತ್ತಿದ್ದ ಆಕೆ ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಅಹಮದನಗರದಲ್ಲಿ ಎಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ತನ್ನ ಹುಟ್ಟಿನ ವಿಷಯದಲ್ಲೇ ನಿಜ ಹೇಳದವಳ ಬರಹದಿಂದ ಬೆಳೆದ ಕಥೆಯಲ್ಲಿ ಅರಸನ ಚಿತ್ರ ಎಷ್ಟು ನಿಜವಿದ್ದೀತು?

ಈ ಅರಸನ ಕೊನೆಯ ಕಾರ್ಯ ಕನ್ನಡಿಗರಿಗೆ ವಿಶೇಷವಾಗಿ ತಿಳಿದಿರಬೇಕಾದದ್ದು. ೧೮೬೮ರ ಆಗಸ್ಟ್ ೧೮ರಂದು ಪೂರ್ಣ ಸೂರ್ಯಗ್ರಹಣ ಸಂಭವಿಸುವುದೆಂದು ಆತ ತಾನೇ ಗಣಿತ ಮಾಡಿ ಕಂಡುಹಿಡಿದಿದ್ದ. ಗ್ರಹಣದ ನೆರಳು ಹಾಯುವ ವಾಕೋ ಎಂಬ ಕಡಲತೀರದ ಕಾಡು ಪ್ರದೇಶಕ್ಕೆ ವಿದೇಶಿ ಅತಿಥಿಗಳನ್ನೂ ಕರೆಸಿಕೊಂಡ. ಲೆಕ್ಕ ತಪ್ಪಲಿಲ್ಲ. ಆದರೆ ಅಲ್ಲಿ ತಗುಲಿದ ಮಲೇರಿಯಾ ಜ್ವರದಿಂದ ಅಕ್ಟೋಬರ್ ೧ರಂದು ಆತ ತೀರಿಕೊಂಡ. ಅದೇ ದಿನ ಅದೇ ಗ್ರಹಣದ ನೆರಳು ಸಯಾಮನ್ನು ಮುಟ್ಟುವ ಮೊದಲು ನಮ್ಮ ಜಮಖಂಡಿಯ ಮೇಲೆ ಹಾದುಹೋಗಿತ್ತು. ಪ್ರಸಿದ್ಧ ಖಗೋಳಜ್ಞರ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿಯೂ ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿಯೂ ಯಂತ್ರಗಳನ್ನು ಹೂಡಿ ಕುಳಿತಿದ್ದರು. ಅವರು ಆಕಾಶವನ್ನು ನೋಡಿದ್ದು ಬ್ರಿಟನ್, ಫ್ರಾನ್ಸುಗಳ ಪರವಾಗಿ. ಸಯಾಮಿನಲ್ಲಿ ನೋಡಿದವನು ಆ ನೆಲದ ಅರಸನೇ. ಇಂದಿಗೂ ಆಗಸ್ಟ್ ೧೮ನ್ನು ಥೈಲೆಂಡಿನಲ್ಲಿ ವಿಜ್ಞಾನ ದಿನವಾಗಿ ಆಚರಿಸುತ್ತಾರೆ. ಇಂಥ ಅರಸನನ್ನು ಒರಟನೆಂದು ತೋರಿಸಿದ ಚಿತ್ರವನ್ನು ಹಾಡು ಕುಣಿತಕ್ಕಾಗಿ ನೋಡಬಹುದು. ಚರಿತ್ರೆ ಎಂದು ನಂಬಬಾರದು.

ಸೇತುವೆ, ಮೊಳೆಯ ಬಂಡೆ, ಮಾಯಾ ಕೊಲ್ಲಿ

ಎರಡನೆಯದು ೧೯೫೭ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’. ಏಳು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಈ ಚಿತ್ರದ ಕಥೆ ನಡೆಯುವುದು ಥೈಲೆಂಡಿನಲ್ಲಿ. ಚಿತ್ರ ತೆಗೆದದ್ದು ಸಿಂಹಳದ ಕಿತುಲ್ಗಲದಲ್ಲಿ. ಚಿತ್ರದ ಸೇತುವೆ ಮರದ್ದು. ಕಾಂಚನಬುರಿಯಲ್ಲಿ ಇಂದಿಗೂ ನಿಂತಿರುವುದು ಉಕ್ಕಿನದು. ಆ ಸೇತುವೆಯ ಕೆಳಗೆ ಹರಿಯುತ್ತಿದ್ದ ಹೊಳೆಯ ಹೆಸರೂ ಬೇರೆ, ಮೇಕ್ಲೋಂಗ್. ಚಿತ್ರ ನೋಡಿ ಬಂದವರೆಲ್ಲ ಕ್ವಾಯ್ ನದಿ ಎಲ್ಲಿ ಎಂದು ಕೇಳತೊಡಗಿದಾಗ, ಆ ಭಾಗಕ್ಕೆ ಕ್ವೇ ಯಾಯ್ ಎಂದು ಹೊಸ ಹೆಸರಿಟ್ಟರು. ತೆರೆಯ ಮೇಲಿನ ಕಲ್ಪನೆಗಾಗಿ ನಿಜವಾದ ಹೊಳೆ ತನ್ನ ಹೆಸರನ್ನು ಬದಲಿಸಿಕೊಂಡಿತು!

ಚಿತ್ರದಲ್ಲಿ ನಾವು ಕಾಣುವುದು ಬ್ರಿಟಿಷ್ ಸೈನಿಕರ ಛಲವನ್ನು. ಕಾಣದೆ ಉಳಿದವರು ಬೇರೆಯವರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೇನೆ ಬರ್ಮಾದವರೆಗೆ ೧೯೪೨–೪೩ರಲ್ಲಿ ಹಾಕಿಸಿದ ೪೧೫ ಕಿಲೋಮೀಟರ್ ರೈಲುದಾರಿಯ ಕೆಲಸದಲ್ಲಿ ೧೨ ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಅವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಸತ್ತವರು ಏಷ್ಯಾದ ಕೂಲಿಗಳು. ಮಲಯದ ರಬ್ಬರ್ ತೋಟಗಳಿಂದ ಕರೆದೊಯ್ದ ತಮಿಳರು ಅವರಲ್ಲಿ ಬಹಳ ಮಂದಿ. ಕಾಂಚನಬುರಿಯ ಯುದ್ಧಸ್ಮಶಾನದಲ್ಲಿ ಸುಮಾರು ಏಳು ಸಾವಿರ ಸೈನಿಕರ ಸಮಾಧಿಗಳು ಹೆಸರು ಸಹಿತ ಸಾಲಾಗಿವೆ. ಕೂಲಿಗಳಲ್ಲಿ ಹೆಚ್ಚಿನವರಿಗೆ ಅಂಥ ಕಲ್ಲಿಲ್ಲ. ಅಲ್ಲಿಗೆ ಹೋದ ಭಾರತೀಯರು ಸೇತುವೆಯ ಮೇಲೆ ಚಿತ್ರ ತೆಗೆಸಿಕೊಳ್ಳುವ ಮೊದಲು ಹೆಸರಿಲ್ಲದ ಈ ಶ್ರಮಜೀವಿಗಳನ್ನು ಒಂದು ಕ್ಷಣ ನೆನೆಯಬೇಕು.

ಇನ್ನು ಕಡಲಿನ ಕಡೆಗೆ. ೧೯೭೪ರ ಜೇಮ್ಸ್ ಬಾಂಡ್ ಚಿತ್ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ ಪಾಂಗ್‌ನಾ ಕೊಲ್ಲಿಯಲ್ಲಿ ನೀರಿನಿಂದ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಯೊಂದನ್ನು ಲೋಕಪ್ರಸಿದ್ಧವಾಗಿ ಮಾಡಿತು. ಊರವರು ಅದನ್ನು ಕರೆಯುವುದು ಕೋ ತಾಪು ಎಂದು. ತಾಪು ಎಂದರೆ ಮೊಳೆ. ಎಷ್ಟು ಸರಳವಾದ, ಕಂಡದ್ದನ್ನು ಕಂಡಂತೆ ಹೇಳುವ ಹೆಸರು! ಪ್ರವಾಸಿಗಳಿಗೆ ಮಾತ್ರ ಆ ಜಾಗ ಜೇಮ್ಸ್ ಬಾಂಡ್ ದ್ವೀಪ.

೨೦೦೦ದಲ್ಲಿ ತೆರೆಕಂಡ ‘ದಿ ಬೀಚ್’ ಚಿತ್ರದ ಪರಿಣಾಮ ಹೆಸರಿಗೆ ನಿಲ್ಲಲಿಲ್ಲ. ಫಿಫಿ ಲೇ ದ್ವೀಪದ ಮಾಯಾ ಕೊಲ್ಲಿಯಲ್ಲಿ ಚಿತ್ರ ತೆಗೆಯುವಾಗ, ದಂಡೆ ಇನ್ನಷ್ಟು ಸ್ವರ್ಗದಂತೆ ಕಾಣಲೆಂದು ಮರಳಿನ ದಿಣ್ಣೆಗಳನ್ನು ಸರಿಸಿ, ಅಲ್ಲಿಲ್ಲದ ತೆಂಗಿನ ಗಿಡಗಳನ್ನು ನೆಟ್ಟರು. ಊರವರು ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಅಷ್ಟರಲ್ಲಿ ಚಿತ್ರ ನೋಡಿದವರು ದಿನಕ್ಕೆ ಸಾವಿರಗಟ್ಟಲೆಯಾಗಿ ದೋಣಿಗಳಲ್ಲಿ ಬಂದಿಳಿದು, ಹವಳದ ದಂಡೆಗಳು ಬಹುಪಾಲು ನಾಶವಾದವು. ಕೊನೆಗೆ ೨೦೧೮ರ ಜೂನ್‌ನಲ್ಲಿ ಸರಕಾರ ಕೊಲ್ಲಿಯನ್ನೇ ಮುಚ್ಚಿಬಿಟ್ಟಿತು. ಮೂರೂವರೆ ವರ್ಷ ಮನುಷ್ಯನ ಕಾಲು ಬೀಳದಿದ್ದಾಗ ಚಿಕ್ಕ ಶಾರ್ಕ್ ಮೀನುಗಳು ಮರಳಿ ಬಂದವು, ನೆಟ್ಟ ಹವಳ ಚಿಗುರಿತು. ೨೦೨೨ರ ಜನವರಿಯಲ್ಲಿ ಬಾಗಿಲು ತೆರೆದಾಗ ನಿಯಮಗಳು ಕಟ್ಟುನಿಟ್ಟಾಗಿದ್ದವು: ದೋಣಿಗಳು ಕೊಲ್ಲಿಯೊಳಗೆ ಬರದೆ ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕು, ಒಂದು ವೇಳೆಗೆ ಇಷ್ಟೇ ಜನ. ಹೊರಗಿನವರ ಕಣ್ಣು ಒಂದು ನಾಡಿಗೆ ಎಷ್ಟು ಭಾರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮನೆಯವರು ಹೇಳಿದ ಕಥೆಗಳು

ಇನ್ನು ಥಾಯಿ ಜನರೇ ತೆಗೆದ ಚಿತ್ರಗಳಿಗೆ ಬರೋಣ. ಇವೆಲ್ಲ ಥಾಯಿ ಭಾಷೆಯವು. ಇಂಗ್ಲಿಷ್ ಅಡಿಬರಹದೊಡನೆ ದೊರೆಯುತ್ತವೆ. ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಮಕ್ಕಳು ಪಕ್ಕದಲ್ಲಿ ಕುಳಿತು ಓದಿ ಹೇಳಲಿ; ಅದೂ ಒಂದು ಸೇವೆಯೇ.

ಮೊದಲಿಗೆ ೨೦೦೪ರ ‘ಹೋಮ್ ರೋಂಗ್’. ಇಂಗ್ಲಿಷಿನಲ್ಲಿ ಇದರ ಹೆಸರು ‘ದಿ ಓವರ್‌ಚರ್’. ರನಾತ್ ಏಕ್ ಎಂಬುದು ೨೧ ಮರದ ಪಟ್ಟಿಗಳನ್ನು ದೋಣಿಯಾಕಾರದ ಪೆಟ್ಟಿಗೆಯ ಮೇಲೆ ತೂಗಬಿಟ್ಟು ಎರಡು ಕೋಲುಗಳಿಂದ ನುಡಿಸುವ ವಾದ್ಯ. ಅದರಲ್ಲಿ ಅದ್ವಿತೀಯನೆನಿಸಿದ್ದ ಲುವಾಂಗ್ ಪ್ರದಿತ್ ಪೈರೋ ಎಂಬ ವಿದ್ವಾಂಸನ (೧೮೮೧–೧೯೫೪) ಜೀವನವನ್ನು ಆಧರಿಸಿದ ಚಿತ್ರವಿದು. ತನಗೆ ಸಮಾನರಿಲ್ಲವೆಂದು ಬೀಗುತ್ತಿದ್ದ ತರುಣ ಸೋರ್ನ್ ಹಿರಿಯ ವಾದಕನೊಬ್ಬನ ಮುಂದೆ ಸೋಲುತ್ತಾನೆ; ಗರ್ವ ಕರಗಿ ವಿದ್ಯೆ ಮೊಳೆಯುವುದು ಅಲ್ಲಿಂದ. ಅವನ ಮುಪ್ಪಿನಲ್ಲಿ, ೧೯೪೦ರ ದಶಕದ ಸರಕಾರ ದೇಶವನ್ನು ಆಧುನಿಕಗೊಳಿಸುವ ಹೆಸರಿನಲ್ಲಿ ಹಳೆಯ ಸಂಗೀತಕ್ಕೆ ಕಟ್ಟುಪಾಡು ವಿಧಿಸುತ್ತದೆ. ಮಗ ಮನೆಗೆ ಪಿಯಾನೋ ತಂದಾಗ ಮುದುಕ ಸಿಡುಕುವುದಿಲ್ಲ. ನುಡಿಸು ಎಂದು ಹೇಳಿ, ಕೇಳುತ್ತ ಕೇಳುತ್ತ ತನ್ನ ರನಾತ್‌ನ ದನಿಯನ್ನು ಅದರ ಜೊತೆಗೂಡಿಸುತ್ತಾನೆ. ಹಳೆಯದನ್ನು ಉಳಿಸಿಕೊಳ್ಳಲು ಹೊಸದರೊಡನೆ ಜಗಳವಾಡಬೇಕಿಲ್ಲವೆಂಬುದನ್ನು ಆ ಒಂದು ದೃಶ್ಯ ಹೇಳುತ್ತದೆ. ಸಂಗೀತ ಕಲಿಯುತ್ತಿರುವ ಮಕ್ಕಳಿದ್ದ ಮನೆಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ಎರಡನೆಯದು ೨೦೧೪ರ ‘ದಿ ಟೀಚರ್ಸ್ ಡೈರಿ’. ಉತ್ತರ ಥೈಲೆಂಡಿನ ಲಂಪೂನ್ ಪ್ರಾಂತದಲ್ಲಿ ಜಲಾಶಯದ ನೀರಿನ ಮೇಲೆ ತೇಲುವ ತೆಪ್ಪದ ಶಾಲೆಯೊಂದು ನಿಜವಾಗಿಯೂ ಇದೆ. ಬೆಸ್ತರ ಮಕ್ಕಳಿಗಾಗಿ ನಡೆಯುವ ಆ ಶಾಲೆಯೇ ಚಿತ್ರಕ್ಕೆ ಪ್ರೇರಣೆ. ವಿದ್ಯುತ್ತಿಲ್ಲದ, ದೂರವಾಣಿ ಹಿಡಿಯದ ಆ ಶಾಲೆಗೆ ಬಂದ ಒಬ್ಬ ಸಾಧಾರಣ ಮೇಷ್ಟ್ರಿಗೆ, ತನಗಿಂತ ಮುಂಚೆ ಅಲ್ಲಿದ್ದ ಉಪಾಧ್ಯಾಯಿನಿ ಬಿಟ್ಟುಹೋದ ದಿನಚರಿ ಸಿಗುತ್ತದೆ. ಅದನ್ನು ಓದುತ್ತ ಆತ ನಿಜವಾದ ಗುರುವಾಗುತ್ತಾನೆ. ಬೆರಳೆಣಿಕೆಯ ಮಕ್ಕಳಿಗಾಗಿ ಒಬ್ಬ ಗುರು ನೀರಿನ ಮೇಲೆ ಬದುಕುವುದು ಕಾಯಕವಲ್ಲದೆ ಮತ್ತೇನು? ಈ ಚಿತ್ರವನ್ನು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಒಟ್ಟಾಗಿ ಕುಳಿತು ನೋಡಬಹುದು.

ಮೂರನೆಯದು ನಂಬಿಕೆಯನ್ನು ಕುರಿತದ್ದು, ನಮ್ಮ ಓದುಗರು ವಿಶೇಷವಾಗಿ ಚರ್ಚಿಸಬೇಕಾದದ್ದು. ಮೆಕಾಂಗ್ ನದಿಯ ದಂಡೆಯ ನೋಂಗ್‌ಖಾಯ್ ಪ್ರಾಂತದಲ್ಲಿ, ಭಿಕ್ಷುಗಳ ಮಳೆಗಾಲದ ವ್ರತ ಮುಗಿಯುವ ಹುಣ್ಣಿಮೆಯ ರಾತ್ರಿ, ನೀರಿನಿಂದ ಕೆಂಪು ಬೆಂಕಿಯುಂಡೆಗಳು ಮೇಲೇಳುತ್ತವೆ. ಅವು ನಾಗನು ಬುದ್ಧನಿಗೆ ಅರ್ಪಿಸುವ ಆರತಿ ಎಂದು ಜನ ನಂಬುತ್ತಾರೆ. ನೋಡಲು ಸಹಸ್ರಾರು ಜನ ಸೇರುತ್ತಾರೆ. ೨೦೦೨ರ ‘ಮೆಕಾಂಗ್ ಫುಲ್ ಮೂನ್ ಪಾರ್ಟಿ’ ಚಿತ್ರದಲ್ಲಿ, ಈ ಉಂಡೆಗಳನ್ನು ವರ್ಷವರ್ಷವೂ ಗುಟ್ಟಾಗಿ ನದಿಯ ತಳದಲ್ಲಿ ಇಡಿಸುತ್ತಿರುವವನು ಹಳ್ಳಿಯ ವಿಹಾರದ ವೃದ್ಧ ಭಿಕ್ಷುವೇ. ಆತ ಸಾಕಿ ಬೆಳೆಸಿದ ಅನಾಥ ಹುಡುಗ ಕಾನ್, ನಗರದಲ್ಲಿ ಓದಿ ಬಂದು, ಇನ್ನು ನೀರಿಗೆ ಇಳಿಯಲಾರೆನೆನ್ನುತ್ತಾನೆ. ಜನರ ಭಕ್ತಿಯನ್ನು ಕಾಪಾಡಲು ಸುಳ್ಳು ಹೇಳಬಹುದೆ? ಸುಳ್ಳೆಂದು ತಿಳಿದ ಮೇಲೆ ಸಾಕಿದ ಗುರುವಿನ ಋಣವನ್ನು ತೀರಿಸುವುದು ಹೇಗೆ? ಚಿತ್ರ ಭಿಕ್ಷುವನ್ನು ವಂಚಕನೆಂದು ಹಳಿಯುವುದಿಲ್ಲ, ಹುಡುಗನನ್ನು ದ್ರೋಹಿಯೆಂದು ದೂರುವುದಿಲ್ಲ. ಪವಾಡಕ್ಕಿಂತ ನಡೆ ದೊಡ್ಡದೆಂದು ಸಾರಿದ ಶರಣರ ಪರಂಪರೆಯಲ್ಲಿ ಬೆಳೆದ ನಾವು ಹುಡುಗನ ಪಕ್ಷವನ್ನೇ ಹಿಡಿಯಬೇಕಾಗುತ್ತದೆ. ಆದರೂ ಆ ಮುದುಕನ ಮುಖ ಮನಸ್ಸಿನಿಂದ ಮರೆಯಾಗುವುದಿಲ್ಲ.

ಶಿವಾಲಯದ ನಾಡು

ಈಶಾನ್ಯ ಥೈಲೆಂಡನ್ನು ಇಸಾನ್ ಎನ್ನುತ್ತಾರೆ; ನಮ್ಮ ಈಶಾನ್ಯ ಎಂಬ ಮಾತೇ ಅದು. ಒಣಭೂಮಿಯ ಈ ಬಡ ನಾಡಿನ ಬುರಿರಾಮ್ ಪ್ರಾಂತದಲ್ಲಿ, ಆರಿದ ಜ್ವಾಲಾಮುಖಿಯ ನೆತ್ತಿಯ ಮೇಲೆ ಪನೊಮ್ ರುಂಗ್ ಎಂಬ ಶಿವಾಲಯವಿದೆ. ೧೦ರಿಂದ ೧೩ನೆಯ ಶತಮಾನದ ನಡುವೆ ಖ್ಮೇರ್ ಅರಸರ ಕಾಲದಲ್ಲಿ, ಅಂದರೆ ಕಲ್ಯಾಣದಲ್ಲಿ ಶರಣರು ಬಾಳಿದ ಶತಮಾನವೂ ಸೇರಿದಂತೆ, ಹಂತಹಂತವಾಗಿ ಕಟ್ಟಿದ್ದು. ವರ್ಷದಲ್ಲಿ ಕೆಲವೇ ದಿನ ಉದಯಸೂರ್ಯನ ಕಿರಣ ಅದರ ೧೫ ಬಾಗಿಲುಗಳನ್ನು ಒಂದೇ ಗೆರೆಯಲ್ಲಿ ದಾಟಿ ಬರುತ್ತದೆ. ಅನಂತಶಯನನ ಕೆತ್ತನೆಯಿದ್ದ ಬಾಗಿಲ ತೊಲೆಯೊಂದು ೧೯೬೦ರ ದಶಕದಲ್ಲಿ ಇಲ್ಲಿಂದ ಕಳುವಾಗಿ ಅಮೆರಿಕದ ಶಿಕಾಗೋ ನಗರದ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾಯಿತು. ಥಾಯಿ ಜನರ ಒತ್ತಾಯದ ಫಲವಾಗಿ ೧೯೮೮ರಲ್ಲಿ ತನ್ನ ಸ್ಥಾನಕ್ಕೆ ಮರಳಿತು.

ಈ ಹಿನ್ನೆಲೆ ತಿಳಿದವರಿಗೆ ೨೦೦೩ರ ‘ಓಂಗ್ ಬಾಕ್’ ಬರಿಯ ಹೊಡೆದಾಟದ ಚಿತ್ರವಾಗಿ ಉಳಿಯುವುದಿಲ್ಲ. ಇಸಾನಿನ ಹಳ್ಳಿಯೊಂದರ ಬುದ್ಧನ ಶಿರಸ್ಸನ್ನು ಕಳ್ಳರು ಕೊಯ್ದೊಯ್ಯುತ್ತಾರೆ; ಬಡ ಹಳ್ಳಿಗರು ಕೂಡಿಹಾಕಿ ಕೊಟ್ಟ ಚಿಲ್ಲರೆ ಹಣವನ್ನು ಕಟ್ಟಿಕೊಂಡು ತರುಣನೊಬ್ಬ ಅದನ್ನು ಮರಳಿ ತರಲು ಬ್ಯಾಂಕಾಕಿಗೆ ಹೊರಡುತ್ತಾನೆ. ಹಿಂಸೆಯ ದೃಶ್ಯಗಳು ಅತಿಯಾಗಿರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ.

ಇದೇ ನಾಡಿನಲ್ಲಿ ಬೆಳೆದ ಅಪಿಚಾತ್‌ಪೋಂಗ್ ವೀರಸೇತಕುಲ್ ಅವರ ‘ಅಂಕಲ್ ಬೂನ್ಮೀ’ ಚಿತ್ರಕ್ಕೆ ೨೦೧೦ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ಸಂದಿತು. ಮೂತ್ರಪಿಂಡದ ರೋಗದಿಂದ ಸಾಯುತ್ತಿರುವ ರೈತನ ಊಟದ ಮೇಜಿಗೆ ಸತ್ತ ಹೆಂಡತಿ ಸದ್ದಿಲ್ಲದೆ ಬಂದು ಕೂಡುತ್ತಾಳೆ. ಯಾರೂ ಕಿರುಚುವುದಿಲ್ಲ, ಕ್ಷೇಮಸಮಾಚಾರ ಕೇಳುತ್ತಾರೆ. ತಾನು ಹಿಂದೆ ಕೊಂದ ಮನುಷ್ಯರನ್ನೂ ತೋಟದ ಹುಳುಗಳನ್ನೂ ನೆನೆದು ಆ ರೈತ ಕಳವಳಗೊಳ್ಳುತ್ತಾನೆ. ಪೂರ್ವಜನ್ಮದ ಮಾತನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಚಿತ್ರ ಬಲು ನಿಧಾನ, ಕೆಲವು ದೃಶ್ಯಗಳು ವಿಚಿತ್ರ. ಥಾಯಿ ಚಿತ್ರಗಳ ಪರಿಚಯವಾದ ಮೇಲೆ ದೊಡ್ಡವರು ನೋಡತಕ್ಕದ್ದು.

ಅಜ್ಜಿಯ ಆರಡಿ ನೆಲ

ಒಂದೇ ಒಂದು ಚಿತ್ರವನ್ನು ಹೇಳಿರೆಂದು ಯಾರಾದರೂ ಕೇಳಿದರೆ ೨೦೨೪ರ ‘ಲಾನ್ ಮಾ’ ಎಂದು ಹೇಳಬೇಕಾಗುತ್ತದೆ. ಅಜ್ಜಿ ಸಾಯುವ ಮೊದಲು ಲಕ್ಷಗಟ್ಟಲೆ ಗಳಿಸುವುದು ಹೇಗೆ ಎಂಬರ್ಥದ ಕಟಕಿಯ ಹೆಸರನ್ನು ಇಂಗ್ಲಿಷಿನಲ್ಲಿ ಇದಕ್ಕಿಟ್ಟಿದ್ದಾರೆ. ಆಸ್ಕರ್ ಪ್ರಶಸ್ತಿಯ ಪರಭಾಷಾ ವಿಭಾಗದ ಕಿರುಪಟ್ಟಿಯನ್ನು ತಲುಪಿದ ಮೊದಲ ಥಾಯಿ ಚಿತ್ರವಿದು. ಕಥೆ ನಡೆಯುವುದು ಬ್ಯಾಂಕಾಕಿನ ಹೊಳೆಯಾಚೆಯ ತಲಾತ್ ಪ್ಲೂ ಎಂಬ ಹಳೆಯ ಪೇಟೆಯಲ್ಲಿ, ತಲೆಮಾರುಗಳ ಹಿಂದೆ ಚೀನದಿಂದ ಬಂದು ನೆಲೆಸಿದ ಮನೆತನದಲ್ಲಿ. ನಸುಕಿನಲ್ಲಿ ಅಕ್ಕಿಯ ಗಂಜಿ ಮಾರಿ ಬದುಕುವ ಅಜ್ಜಿಗೆ ಕ್ಯಾನ್ಸರ್. ಓದು ಬಿಟ್ಟು ಅಲೆಯುವ ಮೊಮ್ಮಗ, ಮನೆ ತನ್ನ ಹೆಸರಿಗೆ ಬರಲೆಂಬ ಆಸೆಯಿಂದ ಅಜ್ಜಿಯ ಸೇವೆಗೆ ನಿಲ್ಲುತ್ತಾನೆ. ಅಜ್ಜಿಯ ಪಾತ್ರ ಮಾಡಿದಾಕೆ ತಮ್ಮ ೭೮ನೆಯ ವಯಸ್ಸಿನಲ್ಲಿ ಮೊದಲ ಬಾರಿ ಚಲನಚಿತ್ರದಲ್ಲಿ ನಟಿಸಿದವರೆಂದರೆ ನಂಬುವುದು ಕಷ್ಟ.

ಮೂವರು ಮಕ್ಕಳಲ್ಲಿ ಒಬ್ಬ ಸಿರಿವಂತ, ಒಬ್ಬ ಸಾಲಗಾರ. ದುಡಿದು ದಣಿದು ತಾಯಿಯ ಬಳಿ ರಾತ್ರಿ ಕಳೆಯುವವಳು ಮಗಳು. ಮಗಳು ದುಡಿಯುತ್ತಾಳೆ, ಆಸ್ತಿಯ ಮಾತು ಬಂದಾಗ ಗಂಡುಮಕ್ಕಳ ಹೆಸರು ಮುಂದೆ ಬರುತ್ತದೆ. ಹೆಣ್ಣು ಗಂಡು ಸಮಾನವೆಂದು ಎಂಟುನೂರು ವರ್ಷಗಳ ಹಿಂದೆಯೇ ಸಾರಿದವರ ಮಕ್ಕಳಾದ ನಮ್ಮ ಮನೆಗಳಲ್ಲಿ ಈ ಕಥೆ ನಡೆದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ?

ಅಜ್ಜಿಗೆ ಕೊನೆಯ ಆಸೆ ಒಂದೇ: ತನ್ನ ಸಮಾಧಿಗೆ ಒಳ್ಳೆಯದೊಂದು ತುಂಡು ನೆಲ ಬೇಕು, ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆಯಾದರೂ ಅಲ್ಲಿ ಕೂಡಬೇಕು. ಸುಡುವ ಪದ್ಧತಿಯವರಿಗೆ ಈ ಆಸೆ ಬೇಗ ಅರ್ಥವಾಗಲಿಕ್ಕಿಲ್ಲ. ಹಿರಿಯರನ್ನು ಮಣ್ಣಿಗೆ ಒಪ್ಪಿಸಿ ಗದ್ದುಗೆಗೆ ಹೂವಿಡುವ ನಮಗೆ ಅರ್ಥವಾಗುತ್ತದೆ. ಹೊಲದ ಮೂಲೆಯಲ್ಲಿ ತನ್ನ ಜಾಗವನ್ನು ತಾನೇ ತೋರಿಸಿಟ್ಟ ಅಜ್ಜ ಅಜ್ಜಿಯರು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ಮೊಮ್ಮಗ ಲೆಕ್ಕ ಹಾಕಿ ಆರಂಭಿಸಿದ ಸೇವೆ ಯಾವಾಗ ಲೆಕ್ಕ ಮರೆತು ದಾಸೋಹವಾಯಿತೆಂಬುದು ಅವನಿಗೂ ತಿಳಿಯುವುದಿಲ್ಲ, ನೋಡುವ ನಮಗೂ ತಿಳಿಯುವುದಿಲ್ಲ. ಕೊನೆಯನ್ನು ಇಲ್ಲಿ ಹೇಳುವುದು ಸರಿಯಲ್ಲ. ದೂರದ ಊರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದಾಗ ತಾಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇದನ್ನು ನೋಡಲಿ.

ಹೊರಡುವವರಿಗೆ ಒಂದು ಮಾತು

ಥೈಲೆಂಡಿಗೆ ಹೋಗಬೇಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ನೋಡಿಕೊಂಡು ಹೋಗಿರಿ ಎಂಬುದೇ ಉದ್ದೇಶ. ಹೊರಡುವ ಮೊದಲು ಮೇಲಿನ ಚಿತ್ರಗಳಲ್ಲಿ ಎರಡನ್ನಾದರೂ ಮನೆಮಂದಿಯೆಲ್ಲ ನೋಡಿ. ಹೋದ ಮೇಲೆ ಕಡಲತೀರದಲ್ಲಿ ಕಳೆಯುವ ದಿನಗಳಲ್ಲಿ ಒಂದನ್ನು ಉಳಿಸಿಕೊಂಡು ತಲಾತ್ ಪ್ಲೂ ಪೇಟೆಯಲ್ಲಿ ಅಡ್ಡಾಡಿ. ಸಾಧ್ಯವಾದರೆ ಪನೊಮ್ ರುಂಗ್‌ವರೆಗೆ ಹೋಗಿ ಶಿವನ ಮುಂದೆ ತಲೆಬಾಗಿ. ವಿಹಾರಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ, ಪಾದರಕ್ಷೆ ಹೊರಗಿರಲಿ, ಮುದ್ದಿಗಾದರೂ ಯಾರ ತಲೆಯನ್ನೂ ಮುಟ್ಟಬೇಡಿ, ಬುದ್ಧನ ಕಡೆಗೆ ಕಾಲು ಚಾಚಿ ಕೂಡಬೇಡಿ. ನಮ್ಮ ಮನೆಗೆ ಬಂದ ಅತಿಥಿಯಿಂದ ನಾವು ಬಯಸುವುದೂ ಇಷ್ಟನ್ನೇ ಅಲ್ಲವೆ?

ಮರಳಿ ಬಂದ ಮೇಲೆ ಯಾರಾದರೂ ಬ್ಯಾಂಕಾಕ್ ಎಂದೊಡನೆ ಆ ಹಳೆಯ ನಗೆ ನಕ್ಕರೆ, ಅವರೊಡನೆ ವಾದಕ್ಕಿಳಿಯುವುದು ಬೇಡ. ನಸುಕಿನಲ್ಲಿ ಗಂಜಿ ಮಾರುವ ಆ ಅಜ್ಜಿಯ ಕಥೆಯನ್ನು ಹೇಳಿದರೆ ಸಾಕು.